ತೋಪಿನ ತಗಡು

ನಿನ್ನೆ ಸೊಸೆಯ ಜೊತೆ ಹರಟುತ್ತ ನಿಂತು ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಮರೆತೇಬಿಟ್ಟೆ. ಸೀದ ವಾಸನೆ ಮೂಗಿಗೆ ಬಡಿದದ್ದೇ ತಡ, ಬನಹಟ್ಟಿಯ ನಮ್ಮ ಹಳೆಯ ಓಣಿಯ ಮಿಲ್ಟ್ರಿ ಕಾಕಾ ನೆನಪಾದರು.

ನಾನು ಆ ಓಣಿಗೆ ಸೊಸೆಯಾಗಿ ಹೋದಾಗ ಕಾಕಾ ಸೈನ್ಯ ಬಿಟ್ಟು ಬಂದು, ಪಕ್ಕದ ಮನೆಯಲ್ಲಿ ಮಗ್ಗ ಹಾಕಿಕೊಂಡಿದ್ದರು. ಮಾತಿನ ಮಲ್ಲ. ಆದರೆ ಜೋಳದ ರೊಟ್ಟಿ ಮಾತ್ರ ಮುಟ್ಟುತ್ತಿರಲಿಲ್ಲ. ನಮ್ಮ ಕಡೆಯ ಗಂಡಸು ರೊಟ್ಟಿ ಬೇಡ ಅಂದರೆ ಓಣಿ ಸುಮ್ಮನಿದ್ದೀತೆ? "ಚಪಾತಿ ತಿಂದು ದೊಡ್ಡ ಸಾಹೇಬ್ರಾಗ್ಯಾರ್ರಿ" ಎಂದು ಎಲ್ಲರೂ ಚೇಷ್ಟೆ ಮಾಡುತ್ತಿದ್ದೆವು. ಅವರು ನಕ್ಕು ಚಪಾತಿ ಮುರಿಯುತ್ತಿದ್ದರು.

ಅವರ ಮನೆಯ ಬಾಗಿಲ ಹಿಂದೆ ದಪ್ಪ ಕಬ್ಬಿಣದ ತಗಡೊಂದಿತ್ತು. ಯುದ್ಧದಲ್ಲಿ ವೈರಿಗಳಿಂದ ಕಸಿದುಕೊಂಡ ತೋಪಿನದು. ತೋಪಿನ ಹಿಂದೆ ನಿಂತವರಿಗೆ ಗುಂಡು ತಾಗದಂತೆ ಅಡ್ಡ ಕಟ್ಟಿದ್ದ ತಗಡಿನ ತುಂಡು. ಖಂಡೇನವಮಿಗೆ, ಅಂದರೆ ಆಯುಧಪೂಜೆಯ ದಿನ, ಮಗ್ಗದ ಲಾಳಿ, ಕತ್ತರಿಗಳ ಸಾಲಿನಲ್ಲಿ ಅದಕ್ಕೂ ಕುಂಕುಮ ಬೀಳುತ್ತಿತ್ತು. ಅಂದು ಮಗ್ಗ ನಿಲ್ಲುತ್ತಿತ್ತು, ಕಾಕಾರ ಮಾತು ಶುರುವಾಗುತ್ತಿತ್ತು. ತೋಪು ಸಿಕ್ಕಿತಂತೆ, ಅದಕ್ಕೆ ಹಾಕುವ ಗುಂಡು ಸಿಗಲಿಲ್ಲವಂತೆ.

"ಹಾರಸಾಕ ಬರಂಗಿಲ್ಲ, ಬಿಟ್ಟ ಹೋಗಾಕ ಮನಸಿಲ್ಲ. ನಳಿಗಿ ಮ್ಯಾಲ ತೊಯ್ದ ಅರಿವಿ ಒಣಗಿಸಿದಿವಿ. ಗಾಲಿ ಬಿಚ್ಚಿ ನೀರಿನ ಡ್ರಮ್ಮ ಎಳದಿವಿ. ಗುಂಡಿನ ಖಾಲಿ ಪೆಟ್ಟಗಿ ಒಡದು ಒಲಿ ಹಚ್ಚಿದಿವಿ."

"ಮತ್ತ ಈ ತಗಡು, ಕಾಕಾ?" ಎಂದರೆ ಚಹಾ ತರಿಸುತ್ತಿದ್ದರು. ಮಾತು ಅಲ್ಲಿಗೇ...

ರನ್ನ ಬೆಳಗಲಿ ಊರಿನಿಂದ ಒಬ್ಬ ಮುದುಕಿ ಆಗಾಗ ಬರುತ್ತಿದ್ದಳು. ಅವಳ ಮಗ ಕಾಕಾರ ಜೊತೆಗಿದ್ದು ಅದೇ ಯುದ್ಧದಲ್ಲಿ ತೀರಿಕೊಂಡಿದ್ದ. ಅವಳು ಬಂದರೆ ಕಾಕಾ ನೂಲು ತರಬೇಕು ಎಂದು ನೆಪ ಹೇಳಿ ಹೊರಬೀಳುತ್ತಿದ್ದರು. ಒಂದು ಸಲ ಆಕೆ ಖಂಡೇನವಮಿಗೇ, ಕಾಕಾರ ಮಾತು ಕೇಳಲು ನಾವೆಲ್ಲ ಕೂತಿದ್ದಾಗ ಬಂದಳು. ಪ್ಯಾಟಿಯೆಲ್ಲ ಬಂದ್. ನೆಪ ಸಿಗಲಿಲ್ಲ.

ಮುದುಕಿ ಪೂಜೆಗೆ ಕೈಮುಗಿದು ತಗಡಿನ ಹಿಂಬದಿ ತಡವಿದಳು. ಬೆರಳಿಗೆ ಮಸಿ ಹತ್ತಿತು.

"ಇದು ಹಂಚಲ್ಲೇನೋ ತಮ್ಮಾ? ಇದರ ಮ್ಯಾಲ ಯಾರು ರೊಟ್ಟಿ ಮಾಡ್ಯಾರ?"

ಕಾಕಾ ಅವಳ ಮುಂದೆ ಕೂತರು. "ನಿನ್ನ ಮಗನ್ನ ಕೊಂದದ್ದು ಇದ ತೋಪು, ಯವ್ವಾ. ಅಂವ ಮುಂಜಾನಿ ಹೋದ. ಸಂಜೀಕ ತೋಪು ನಮ್ಮ ಕೈಗೆ ಬಂತು. ಎಲ್ಲಾರೂ ಹಸದಿದ್ರು. ಅವನ ಚೀಲದಾಗ ನೀ ಕಟ್ಟಿಕೊಟ್ಟ ಜೋಳದ ಹಿಟ್ಟಿತ್ತು, ರೊಟ್ಟಿ ಬೇಯಸಾಕ ಹಂಚು ಇರಲಿಲ್ಲ. ಇದನ್ನ ಕಲ್ಲಿನ ಮ್ಯಾಲ ಇಟ್ಟು ನಾನ ರೊಟ್ಟಿ ಬಡದೆ. ಎಲ್ಲಾರೂ ಉಂಡ್ರು. ನನಗ ಗಂಟಲದಾಗ ಇಳೀಲಿಲ್ಲ... ನಿನಗ ಹ್ಯಾಂಗ ಹೇಳಲಿ?"

ಅಳುತ್ತಾಳೆ, ಇಲ್ಲವೇ ಶಪಿಸುತ್ತಾಳೆ ಎಂದುಕೊಂಡೆ. ಅವಳು ಬೆರಳಿನ ಮಸಿ ನೋಡಿಕೊಂಡು ಕೇಳಿದಳು, "ಹಿಟ್ಟು ಹಾಳಾಗಲಿಲ್ಲಲ್ಲ?"

"ಇಲ್ಲ ಯವ್ವಾ. ಚೂರೂ ಉಳೀಲಿಲ್ಲ."

ಮುದುಕಿ ಎದ್ದು ತಗಡನ್ನು ಎತ್ತಿಕೊಂಡಳು. ಪೂಜೆಗಿಟ್ಟ ಸಾಮಾನನ್ನು ಅಂದು ಯಾರೂ ಕದಲಿಸುವುದಿಲ್ಲ. ಕಾಕಾರ ಹೆಂಡತಿ ಗಾಬರಿಯಾಗಿ, "ಯವ್ವಾ, ಇವತ್ತ ಎತ್ತಬಾರದ್ರಿ" ಎಂದರು.

"ನನಗೂ ಗೊತ್ತೈತಿ. ನೀ ಒಲಿ ಹಚ್ಚು."

ಸೆರಗಿನಿಂದ ಕುಂಕುಮ ಒರೆಸಿ ತಗಡನ್ನು ಒಲೆಯ ಮೇಲಿಟ್ಟಳು. ದಪ್ಪ ಕಬ್ಬಿಣ, ಕಾಯಲು ಹೊತ್ತು ಹಿಡಿಯಿತು. ಕಾದ ಮೇಲೆ ಅದು ಹೇಳಿದ ಮಾತು ಕೇಳಲಿಲ್ಲ, ಉರಿ ತಗ್ಗಿಸಿದರೂ ಆರಲಿಲ್ಲ. ಮೊದಲ ರೊಟ್ಟಿ ಒಂದು ಮಗ್ಗುಲು ಸೀದೇಹೋಯಿತು. ಅದಕ್ಕೇ ಬೆಣ್ಣೆ ಸವರಿ ಕಾಕಾರ ಮುಂದಿಟ್ಟಳು.

"ಅವತ್ತಿಂದು ನಿನ್ನ ಪಾಲು ಉಳದೈತಿ. ಉಣ್ಣು."

ಕಾಕಾ ಉಂಡರು. ಅಳುತ್ತ ಉಂಡರು, ಕರಕಲನ್ನೂ ಬಿಡಲಿಲ್ಲ. ಅಲ್ಲಿದ್ದ ನಾವೂ ಅತ್ತೆವು. ಅಂದಿನಿಂದ ಆ ತಗಡು ಅವರ ಅಡುಗೆಮನೆಯ ಹಂಚಾಯಿತು, ಓಣಿಗೆ ಚೇಷ್ಟೆ ಮಾಡಲು ಬೇರೆ ವಿಷಯ ಹುಡುಕಬೇಕಾಯಿತು.

ಮುದುಕಿ ಹೋದಳು, ಆಮೇಲೆ ಕಾಕಾ ಹೋದರು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ತಗಡು ಎಲ್ಲಿ ಹೋಯಿತೋ... ಕೇಳೋಣವೆಂದರೆ ಯಾರೂ ಉಳಿದಿಲ್ಲ.

ನಿನ್ನೆಯ ಸೀದ ರೊಟ್ಟಿಯನ್ನು ಸೊಸೆ ಆಕಳಿಗೆ ಹಾಕಲು ಹೊರಟಿದ್ದಳು. ನಾನು ಕಸಿದುಕೊಂಡು, ಬೆಣ್ಣೆ ಸವರಿ ಉಂಡೆ. ಕಾಕಾ ಇದ್ದಿದ್ದರೆ ಗೋಡೆಯಾಚೆ ಕೂಗಿ ಅರ್ಧ ಕೊಡುತ್ತಿದ್ದೆ.