ಕಮಾನಿಗೆ ಮೆತ್ತಿದ ಸುಣ್ಣದ ಪಟ್ಟಿ

ಕಳೆದ ತಿಂಗಳು ಹಳೇ ಬೇಸಿನ್ನಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿದೆ. ಬುಸುಗುಟ್ಟಿ ಕುದಿಯಿತು, ಬಿಸಿ ಹಬೆ ಮೂಗಿಗೆ ಬಡಿಯಿತು. ಆ ವಾಸನೆಯ ಹಿಂದೆಯೇ ಹರದನಹಳ್ಳಿಯ ಗಾರೆ ಮೇಸ್ತ್ರಿ ಬಂದು ನಿಂತರು. ಹಣೆಯ ಮೇಲಿರುವುದು ವಿಭೂತಿಯೋ, ಸಿಡಿದ ಸುಣ್ಣವೋ ಗೊತ್ತಾಗದ ಮುಖ...

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿದೆ ನಮ್ಮ ಹಳೆಯ ಮೆಥಡಿಸ್ಟ್ ಚರ್ಚು. ನಕ್ಷೆ ಮಿಷನ್ನಿನ ದೊರೆಗಳದ್ದು, ಕಟ್ಟಿದ ಕೈ ಮಾತ್ರ ಹರದನಹಳ್ಳಿಯ ಶಿವಭಕ್ತರದ್ದು. ಎರಡಡಿ ದಪ್ಪದ ಇಟ್ಟಿಗೆ ಗೋಡೆ, ಚೂಪು ತುದಿಯ ಕಿಟಕಿಗಳು, ಮಂಗಳೂರು ಹೆಂಚು. ವಿಗ್ರಹವಿಲ್ಲ, ಬಣ್ಣದ ಗಾಜಿಲ್ಲ. ಇರುವ ಒಂದೇ ಬೆಡಗೆಂದರೆ ವೇದಿಯ ಮುಂದಿನ ದೊಡ್ಡ ಕಮಾನು. ಅದಕ್ಕೆ ಒಂದು ಚಮಚ ಸಿಮೆಂಟೂ ಬಿದ್ದಿಲ್ಲ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಅಷ್ಟೆ. ಅದನ್ನು ಕಟ್ಟಿದ್ದು ಮೇಸ್ತ್ರಿಯ ಮುತ್ತಾತನಂತೆ. ಹಾಗಾಗಿ ಪ್ರತಿ ಕ್ರಿಸ್‌ಮಸ್‌ಗೆ ಮುಂಚೆ ಸುಣ್ಣ ಬಳಿಯಲು ಬಂದಾಗ, ಮನೆಯ ಹಿರಿಯರನ್ನು ವಿಚಾರಿಸಿಕೊಳ್ಳುವಂತೆ ಮೊದಲು ಕಮಾನಿನ ಹತ್ತಿರ ಹೋಗುತ್ತಿದ್ದರು.

ನಾನಾಗ ಹೊಸದಾಗಿ ಮದುವೆಯಾಗಿ ಬಂದವಳು. ಭಾನುವಾರದ ಶಾಲೆಯ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೆ. ಚರ್ಚಿನ ಬೀಗದ ಕೈ ನನ್ನ ಬಳಿಯೇ ಇರುತ್ತಿತ್ತು. ಆ ವರ್ಷ ಕಮಾನಿನ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ನಮ್ಮ ಕಡೆ ಎರೆಮಣ್ಣು. ಬೇಸಿಗೆಗೆ ಬಾಯಿ ಬಿಡುತ್ತದೆ, ಮಳೆಗೆ ಊದಿಕೊಳ್ಳುತ್ತದೆ, ಮೇಲಿನ ಗೋಡೆಯನ್ನು ಸುಮ್ಮನಿರಲು ಬಿಡುವುದಿಲ್ಲ. ಮೇಸ್ತ್ರಿ ಏಣಿ ಹತ್ತಿ ಬಿರುಕಿಗೆ ಅಡ್ಡಲಾಗಿ ಎರಡು ಬೆರಳಗಲದ ಸುಣ್ಣದ ಪಟ್ಟಿ ಮೆತ್ತಿದರು.

"ಇದು ಸಾಕ್ಷಿ ಕಣವ್ವ. ಇದು ಒಡುದ್ರೆ ಗ್ವಾಡೆ ಇನ್ನೂ ನಡೀತಾ ಅದೆ ಅಂತ. ಒಡುದ್ ದಿನ ಮಕ್ಳ ಒಳೀಕೆ ಬುಡ್ಬ್ಯಾಡ. ಬೀಗ ಆಕ್ಬುಟ್ಟು ನಂಗೆ ಯೋಳ್ಕಳ್ಸು."

ನಾನು ಮೊದಲೇ ಪುಕ್ಕಲಿ. ಅಂದಿನಿಂದ ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದರೆ ನಾನು ಮಾತ್ರ ಕಣ್ಣು ಬಿಟ್ಟುಕೊಂಡು ಮೇಲೆ ನೋಡುತ್ತಿದ್ದೆ. ಪಟ್ಟಿ ಗಟ್ಟಿಯಾಗಿಯೇ ಇತ್ತು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕಮಾನಿಗೆ ಕಾಗದದ ನಕ್ಷತ್ರ ಕಟ್ಟಲು ಏಣಿ ಹತ್ತಿದೆ. ಪಟ್ಟಿ ನಡುವೆ ಸೀಳಿತ್ತು.

ಹನ್ನೆರಡು ಮಕ್ಕಳಿಗೆ ಎರಡು ತಿಂಗಳು ಹಾಡು ಕಲಿಸಿದ್ದೆ. ಹೊಸ ಬಟ್ಟೆ ಹೊಲಿಸಿಯಾಗಿತ್ತು. ಹರವೆಯಿಂದ ನೆಂಟರು ಹೊರಟಿದ್ದರು. ಹಬ್ಬದ ದಿನ ಚರ್ಚಿಗೆ ಬೀಗ ಎಂದರೆ ಎಲ್ಲರೂ ಈ ಹೊಸ ಸೊಸೆಯ ಮುಖ ನೋಡುತ್ತಾರೆ... ಗೋಡೆಯ ಭಯಕ್ಕಿಂತ ಆ ಭಯವೇ ನನಗೆ ದೊಡ್ಡದಾಯಿತು. ಕೆಳಗಿಳಿದು, ಬಕೆಟ್ಟಿನಲ್ಲಿ ಉಳಿದಿದ್ದ ಸುಣ್ಣದಲ್ಲಿ ಬೆರಳದ್ದಿ, ಮತ್ತೆ ಹತ್ತಿ ಸೀಳನ್ನು ಮೆತ್ತಿಬಿಟ್ಟೆ.

ಮರುದಿನ ಆ ಹನ್ನೆರಡು ಮಕ್ಕಳೂ ಕಮಾನಿನ ಕೆಳಗೇ ನಿಂತು ಹಾಡಿದರು. ಹೊರಗೆ ಗಂಟೆ ಬಾರಿಸಿದಾಗಲೆಲ್ಲ ನಾನು ಪಟ್ಟಿಯತ್ತ ನೋಡಿದೆ. ಅವರ ದನಿ ಏರಿದರೂ ಭಯ, ಕುಣಿದರೂ ಭಯ. ಒಂದು ಚೂರು ಸುಣ್ಣದ ಪುಡಿ ಪುಟ್ಟ ಹುಡುಗಿಯೊಬ್ಬಳ ರಿಬ್ಬನ್ನಿನ ಮೇಲೆ ಉದುರಿತು. ಅವಳು ತಲೆ ಕೊಡವಿಕೊಂಡು ಹಾಡು ಮುಂದುವರಿಸಿದಳು. ನಾನು ಎದ್ದು ಮಕ್ಕಳನ್ನು ಆಚೆ ಕರೆಯಬಹುದಿತ್ತು. ಕರೆಯಲಿಲ್ಲ.

ಏನೂ ಬೀಳಲಿಲ್ಲ. ಹಬ್ಬದ ಮಾರನೆಯ ದಿನ ಮೇಸ್ತ್ರಿ ಬಂದು ಏಣಿ ಹತ್ತಿದರು, ಪಟ್ಟಿಯ ಮೇಲೆ ಹೆಬ್ಬೆರಳು ಒತ್ತಿ ನೋಡಿದರು.

"ಇದು ನನ್ ಕೈ ಅಲ್ವಲ್ಲ. ಯಾರವ್ವ ಮೆತ್ತುದ್ದು?"

ನಾನು ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ಮಕ್ಳು ಎಲ್ಲಿ ನಿಂತಿದ್ರು?"

ಕೈ ಮಾಡಿ ತೋರಿಸಿದೆ. ಅವರು ಕೆಳಗಿಳಿದು ವೇದಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಹಗ್ಗ ಕಟ್ಟಿಕೊಳ್ಳದೆ ಮಾಡಿನ ಮೇಲೆ ಓಡಾಡುವ ಮನುಷ್ಯ. ಏಳುವಾಗ ಏಣಿ ಹಿಡಿದುಕೊಂಡು ಎದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ...

ಆಮೇಲೆ ಪಾದ್ರಿಗಳ ಮನೆಗೆ ಹೋಗಿ, "ಸಾಕ್ಷಿ ಒಡುದದೆ ಬುದ್ಯೋರೆ, ಬೀಗ ಆಕ್ಬುಡಿ" ಎಂದರಂತೆ. ನನ್ನ ಹೆಸರೆತ್ತಲಿಲ್ಲ.

ಕಮಾನಿಗೆ ಸರ್ವೆ ಮರದ ಕಂಬಗಳ ಆಸರೆ ಕೊಟ್ಟು ಗಾರೆ ಕೆತ್ತಿದಾಗ ನನ್ನನ್ನು ಕರೆದರು. "ಕೈ ಆಕಿ ನೋಡವ್ವ" ಎಂದರು. ನೆತ್ತಿಯ ಇಟ್ಟಿಗೆಗಳ ನಡುವೆ ನನ್ನ ಕೈ ಮಣಿಕಟ್ಟಿನವರೆಗೆ ಹೋಯಿತು. ಒಳಗೆ ತಣ್ಣಗಿತ್ತು. ಬಳೆ ತಾಗಿ ಒಂದು ಇಟ್ಟಿಗೆ ಅಲುಗಿತು. ಅಷ್ಟು ಸಡಿಲವಾದದ್ದರ ಕೆಳಗೆ ಮಕ್ಕಳನ್ನು ನಿಲ್ಲಿಸಿದ್ದೆ. ಮೂರು ತಿಂಗಳು ಕೂತು ಮೇಸ್ತ್ರಿ ಆ ಕಮಾನನ್ನು ಸುಣ್ಣದಲ್ಲೇ ಮತ್ತೆ ಕಟ್ಟಿ ನಿಲ್ಲಿಸಿದರು. ಆ ವಿಷಯ ಮತ್ತೆ ಯಾವತ್ತೂ ಎತ್ತಲಿಲ್ಲ. ತಪ್ಪಾಯಿತು ಎಂದು ನಾನೂ ಹೇಳಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗ ಹರದನಹಳ್ಳಿಯ ಬಸ್ಸು ಹತ್ತಿದೆ. ಆದರೆ ಹೇಳಿಸಿಕೊಳ್ಳಬೇಕಾದವರು ಮಣ್ಣಿಗೆ ಹೋಗಿಯಾಗಿತ್ತು.

ಈ ಮಳೆಗಾಲ ಕಳೆದ ಮೇಲೆ ಕಮಾನಿನ ಎಡಬದಿಯಲ್ಲಿ ಹೊಸ ಬಿರುಕು ಕಂಡಿತು. ಬೇಸಿನ್ನಿನಲ್ಲಿ ಸುಣ್ಣ ಹಾಕಿದ್ದು ಅದಕ್ಕೇ. ಅವರು ಮೆತ್ತಿದಂತೆಯೇ ಒಂದು ಪಟ್ಟಿ ಮೆತ್ತಿ ಬಂದಿದ್ದೆ. ಇವತ್ತು ಹೋಗಿ ನೋಡಿದರೆ ನಡುವೆ ಸೀಳಿದೆ. ನಾಳೆಯಿಂದ ಮಕ್ಕಳ ಹಾಡಿನ ಅಭ್ಯಾಸ, ಮೊಮ್ಮಗಳೂ ಇದ್ದಾಳೆ. ಉಳಿದ ಸುಣ್ಣ ವೇದಿಯ ಪಕ್ಕದಲ್ಲೇ ಇತ್ತು, ಬೇಸಿನ್ನಿನಲ್ಲಿ. ನಾನು ಅದರ ಹತ್ತಿರ ಹೋಗಲಿಲ್ಲ. ಬಾಗಿಲಿಗೆ ಬೀಗ ಜಡಿದು, ಮೆಟ್ಟಿಲ ಮೇಲೆ ಕೂತು ಈಗಿನ ಪಾದ್ರಿಗೆ ಫೋನ್ ಮಾಡಿ, ಕಮಾನಿನ ಸಾಕ್ಷಿಪಟ್ಟಿ ಒಡೆದಿದೆ ಎಂದೆ.

"ಹಂಗಾದ್ರೆ ಬೀಗ ಹಾಕಿರಿ ಆಂಟಿ. ಸುಣ್ಣದ ಕೆಲಸ ಗೊತ್ತಿರೋ ಮೇಸ್ತ್ರಿ ಯಾರಾದ್ರೂ ಇದಾರಾ?" ಎಂದರು ಅವರು.

"ಇದ್ದರು," ಎಂದೆ.