ಎಲ್ಲಮ್ಮನ ಆಣಿ, ರಾಮದುರ್ಗದ ಖೋ

ದೊಡವಾಡದಿಂದ ಬೈಲಹೊಂಗಲದ ಮೊದಲ ಬಸ್ಸು ಹತ್ತಿದಾಗ ಇನ್ನೂ ನಸುಕು. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ನಮ್ಮೂರ ಹೈಸ್ಕೂಲಿನ ಹುಡುಗಿಯರ ಖೋಖೋ ತಂಡ ರಾಮದುರ್ಗಕ್ಕೆ ಹೊರಟಿತ್ತು. ಅಲ್ಲಿ ಗೆದ್ದರೆ ಬೆಳಗಾವಿಗೆ ಹೋಗಬಹುದು. ಬೆಳಗಾವಿ ಅಂದರೆ ನಮಗೆ ಆಗ ವಿಲಾಯತಿಯೇ. ಅದುವರೆಗೆ ನಮ್ಮಲ್ಲಿ ಅರ್ಧ ಮಂದಿ ಹತ್ತಿರದ ಮುರಗೋಡ ದಾಟಿರಲಿಲ್ಲ.

ಕಂಡಕ್ಟರ್ ನಮ್ಮನ್ನು ಮೇಲಿಂದ ಕೆಳಗೆ ನೋಡಿದ. "ಇವಕ್ಕ ಹಾಫ್ ಟಿಕೀಟ್ ಕೇಳ್ತೀರಲ್ರೀ ಮಾಸ್ತರ, ಒಬ್ಬೊಬ್ಬಾಕಿ ನನಗಿಂತ ಉದ್ದ ಅದಾಳ."

"ಓಡಿ ಓಡಿ ಹಂಗ ಆಗ್ಯಾರ್ರಿ," ಅಂದರು ಪಿ.ಟಿ. ಮಾಸ್ತರರು. ಕಂಡಕ್ಟರ್ ನಕ್ಕ, ನಕ್ಕು ಪೂರ್ತಿ ಟಿಕೆಟ್ಟನ್ನೇ ಹರಿದುಕೊಟ್ಟ.

ಬಸ್ಸಿನಲ್ಲಿ ಎಡಗಡೆ ಶಾಂತಾಳ ಮಂದಿ ಕೂತರು, ಬಲಗಡೆ ಮಾಬೂಬಿಯ ಮಂದಿ. ನಾನು ಇಬ್ಬರಿಗೂ ಬೇಕಾದವಳು, ಆದ್ದರಿಂದ ಯಾರ ಪಕ್ಕವೂ ಜಾಗ ಸಿಗದೆ ನಡುವೆ ಕಂಬಿ ಹಿಡಿದು ನಿಂತೆ. ಐದನೇ ಇಯತ್ತೆಯಿಂದ ಒಂದೇ ಬೆಂಚಿನಲ್ಲಿ ಕೂತ ಗೆಳತಿಯರು ಅವರು. ಮೂರು ವಾರದ ಹಿಂದೆ ಮಾಸ್ತರರು ಮಾಬೂಬಿಯನ್ನು ಕರೆದು, "ನೀ ಕ್ಯಾಪ್ಟನ್ ಆಗ್ತೀಯೇನು?" ಅಂದರು. ಮಾಬೂಬಿ ಶಾಂತಾಳ ಕಡೆ ಒಮ್ಮೆಯೂ ನೋಡದೆ "ಹೂಂರಿ" ಅಂದಳು. ಅಷ್ಟೇ ಆದದ್ದು. ಶಾಂತಾ ಆ ಸ್ಥಾನ ತನಗೇ ಅಂತ ಮನೆಯಲ್ಲೆಲ್ಲ ಹೇಳಿಕೊಂಡಿದ್ದಳು. ಬಾವಿಕಟ್ಟೆಯ ಮೇಲೆ ನಿಂತು ಎಲ್ಲರ ಎದುರಿಗೆ, "ಇನ್ನ ಅಕೀ ಕೂಡ ಒಂದ ಮಾತ ಆಡಿದ್ರ ಎಲ್ಲಮ್ಮನ ಆಣಿ" ಅಂದುಬಿಟ್ಟಳು.

ಟೂ ಬಿಟ್ಟಿದ್ದರೆ ನಾಲ್ಕು ದಿನಕ್ಕೆ ಸರಿಹೋಗುತ್ತಿತ್ತು. ಇದು ಎಲ್ಲಮ್ಮನ ಆಣಿ. ನಮ್ಮ ಸೀಮೆಯಲ್ಲಿ ಅದನ್ನು ಮುರಿಯುವ ಎದೆ ಯಾರಿಗಿದೆ?

ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಬಿಸಿ ಮಿರ್ಚಿ ತಿಂದು ನಾಲಿಗೆ ಸುಟ್ಟುಕೊಂಡು ಸವದತ್ತಿ ಬಸ್ಸು ಹತ್ತಿದೆವು. ಎರಡೂ ಕಡೆ ಎರಿಹೊಲ, ಒಡೆದ ಹತ್ತಿ, ಮೊಣಕಾಲೆತ್ತರದ ಬಿಳಿಜೋಳ. ಬಸ್ಸಿನ ತುಂಬ ಎಲ್ಲಮ್ಮನ ಗುಡ್ಡಕ್ಕೆ ಹೊರಟವರು, ಹಣೆ ತುಂಬ ಭಂಡಾರ. ನನ್ನ ಬಿಳಿ ಯೂನಿಫಾರ್ಮಿನ ತೋಳು ಹಳದಿಯಾಯಿತು. ಸವದತ್ತಿ ಬಂದಾಗ ಎಲ್ಲರೂ ಗುಡ್ಡದ ಕಡೆ ಕೈ ಮುಗಿದರು. ಶಾಂತಾ ಎಲ್ಲರಿಗಿಂತ ಹೆಚ್ಚು ಹೊತ್ತು ಮುಗಿದಳು. ಪಾಪ, ತಾನು ಇಟ್ಟ ಆಣಿಗೆ ತಾನೇ ಹೆದರಿದ್ದಳು ಅಂತ ಈಗ ಅನ್ನಿಸುತ್ತದೆ.

ಅಲ್ಲಿ ಮತ್ತೆ ಬಸ್ಸು ಬದಲಿಸಿ, ಹೂಲಿ ದಾಟಿ, ಧೂಳು ಕುಡಿಯುತ್ತ ರಾಮದುರ್ಗ ಮುಟ್ಟಿದಾಗ ಬಿಸಿಲೇರಿತ್ತು. ಮೈದಾನದ ಬದಿಯ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ನಮ್ಮ ತಂಡದ ಒಂದು ಪದ್ಧತಿ ಇತ್ತು: ಎಲ್ಲಿಗೇ ಹೋಗಲಿ, ಎಲ್ಲರ ಬುತ್ತಿಯನ್ನೂ ಒಂದೇ ದುಪ್ಪಟಿಯ ಮೇಲೆ ಸುರಿಯುವುದು. ಯಾರ ಮನೆಯ ರೊಟ್ಟಿ ಯಾರ ಬಾಯಿಗೆ ಹೋಯಿತೆಂದು ಗೊತ್ತಾಗಬಾರದು. ಮಾಬೂಬಿಯ ಅವ್ವ ಮಾಡುವ ಶೇಂಗಾ ಚಟ್ನಿಗೆ ಶಾಂತಾ ಜೀವ ಬಿಡುತ್ತಿದ್ದಳು. ಅವತ್ತು ಎರಡು ದುಪ್ಪಟಿ ಹಾಸಿದೆವು.

"ಒಂದ ಟೀಮ್ ಕರಕೊಂಡ ಬಂದೇನೋ, ಎರಡೋ?" ಅಂದರು ಮಾಸ್ತರರು. ಚಟ್ನಿ ಈ ಕಡೆ ಉಳಿಯಿತು, ಶಾಂತಾ ಆ ಕಡೆ ಒಣರೊಟ್ಟಿ ಮುರಿದಳು.

ಖೋಖೋ ಆಡದವರಿಗಾಗಿ ಒಂದು ಮಾತು. ಬೆನ್ನಟ್ಟುವ ತಂಡ ಸಾಲಾಗಿ ಕುಕ್ಕರಗಾಲಿನಲ್ಲಿ ಕೂತಿರುತ್ತದೆ, ಒಬ್ಬಳು ಮಾತ್ರ ಓಡುತ್ತಾಳೆ. ಅವಳು ಕೂತವಳ ಬೆನ್ನು ಮುಟ್ಟಿ, ಕೇಳುವಂತೆ "ಖೋ" ಅನ್ನಬೇಕು. ಆಗ ಕೂತವಳು ಎದ್ದು ಓಡುತ್ತಾಳೆ, ಅವಳ ಜಾಗದಲ್ಲಿ ಇವಳು ಕೂರುತ್ತಾಳೆ. ಮುಟ್ಟಿ ಸುಮ್ಮನಿದ್ದರೆ ಫೌಲ್.

ನಮ್ಮ ಸರದಿ ಬಂತು. ಶಾಂತಾ ಗಾಳಿಯ ಹಾಗೆ ಓಡಿದಳು, ಎದುರಾಳಿ ಹುಡುಗಿ ಮಾಬೂಬಿಯ ಮುಂದೆಯೇ, ಕೈಗೆ ಸಿಗುವ ಹಾಗಿದ್ದಳು. ಶಾಂತಾ ಹಿಂದಿನಿಂದ ಬಂದು ಮಾಬೂಬಿಯ ಬೆನ್ನು ಮುಟ್ಟಿದಳು. ಬಾಯಿ ಬಿಡಲಿಲ್ಲ. ಮಾಬೂಬಿ ಏಳಲಿಲ್ಲ. ಸೀಟಿ ಕೂಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಹೊರಗೆ ನಿಂತ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು: "ಮೂಗಿನ್ನ ಕರಕೊಂಡ ಬಂದಾರಲೇ!"

ನಡುವಿನ ಬಿಡುವಿನಲ್ಲಿ ಮಾಸ್ತರರ ಮುಖ ಕೆಂಪಗಾಗಿತ್ತು. "ಏನಾಗೇತಿ ನಿನಗ?"

"ಆಣಿ ಇಟ್ಟೇನ್ರಿ ಸರ್. ಅಕೀಗೆ ಮಾತಾಡಂಗಿಲ್ರಿ."

ಮಾಸ್ತರರು ಏನೋ ಹೇಳಹೋಗಿ ನುಂಗಿಕೊಂಡರು. ಅವರೂ ಪ್ರತಿ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವವರೇ. ಶಾಂತಾಳನ್ನು ಹೊರಗೆ ಕೂಡಿಸೋಣ ಅಂದರು. ಆಗ ಮಾಬೂಬಿ, "ಬ್ಯಾಡ್ರಿ ಸರ್. ಅಕಿ ಇಲ್ಲಂದ್ರ ನಾನೂ ಆಡಂಗಿಲ್ಲ," ಅಂದಳು. ಶಾಂತಾ ನೆಲ ನೋಡುತ್ತಿದ್ದಳು.

ಎರಡನೇ ಸಲ ಬೆನ್ನಟ್ಟುವಾಗ ನಾನು ಸಾಲಿನಲ್ಲಿ ಮಾಬೂಬಿಯ ಪಕ್ಕದ ಚೌಕದಲ್ಲೇ ಕೂತಿದ್ದೆ, ಆದ್ದರಿಂದ ಇದನ್ನು ಕೇಳಿದವಳು ನಾನೊಬ್ಬಳೇ. ಶಾಂತಾ ಓಡಿಬಂದು ಅವಳ ಬೆನ್ನ ಮೇಲೆ ಕೈಯಿಟ್ಟು ಮತ್ತೆ ತಡವರಿಸಿದಳು. ಮಾಬೂಬಿ ಹೊರಳಿ ನೋಡಲಿಲ್ಲ. ಮುಂದೆ ನೋಡುತ್ತಲೇ ಮೆಲ್ಲಗೆ ಅಂದಳು: "ಅಂದಬಿಡ ಶಾಂತಾ. ನಿನ್ನ ಆಣಿ ನನಗ ತಟ್ಟಲಿ."

"ಖೋ!"

ಮೂರು ವಾರದ ಮಾತೆಲ್ಲ ಆ ಒಂದು ಕೂಗಿನಲ್ಲಿ ಹೊರಬಿತ್ತು. ಮಾಬೂಬಿ ಎದ್ದ ರಭಸಕ್ಕೆ ಮಣ್ಣು ನನ್ನ ಕಣ್ಣಿಗೆ ಹಾರಿತು. ಅಲ್ಲಿಂದ ಮುಂದೆ ನಾವು ಆಡಿದ ಹಾಗೆ ಹಿಂದೆ ಯಾವತ್ತೂ ಆಡಿರಲಿಲ್ಲ, ಮುಂದೆಯೂ ಆಡಲಿಲ್ಲ. ಆದರೂ ಸೋತೆವು. ಮೊದಲೇ ಕಳಕೊಂಡದ್ದು ಬಹಳ ಇತ್ತು. ಬೆಳಗಾವಿ ಅಲ್ಲಿಗೇ ಮುಗಿಯಿತು. ಎಲ್ಲರೂ ಅತ್ತೆವು, ಅತ್ತು ಉಳಿದ ರೊಟ್ಟಿಯನ್ನು ಒಂದೇ ದುಪ್ಪಟಿಯ ಮೇಲೆ ಸುರಿದುಕೊಂಡು ತಿಂದೆವು. ಚಟ್ನಿ ಡಬ್ಬಿ ಶಾಂತಾಳ ತೊಡೆಯ ಮೇಲಿತ್ತು.

ಬರುವಾಗ ಸವದತ್ತಿ ಸ್ಟ್ಯಾಂಡಿನಲ್ಲಿ ಶಾಂತಾ ಸರಸರನೆ ಇಳಿದಳು. ಗುಡ್ಡದ ಕಡೆ ಮುಖ ಮಾಡಿ, ಎರಡೂ ಕೆನ್ನೆ ಬಡಿದುಕೊಂಡು, "ತಪ್ಪಾತವ್ವಾ ತಾಯಿ. ಅಕೀಗೇನೂ ಮಾಡಬ್ಯಾಡ. ಏನಿದ್ರೂ ನನಗ ಕೊಡು," ಅಂದಳು.

ಹಿಂದೆಯೇ ಇಳಿದಿದ್ದ ಮಾಬೂಬಿ ಬಿಡಲಿಲ್ಲ. "ಅದ್ಹೆಂಗ? ನಾ ಬೇಡಿಕೊಂಡೇನಿ, ಅದು ನಂದು."

"ದೇವರು ನಮ್ಮಾಕಿ, ಆಣಿ ನಿಂದ ಹೆಂಗಾತ?"

"ನಿನಗ ಜ್ವರ ಬಂದಾಗ ನಮ್ಮವ್ವ ನಿನ್ನ ಕರಕೊಂಡು ದರ್ಗಾಕ್ಕ ಹೋಗಿದ್ದಿಲ್ಲೇನ? ಆವಾಗ ಯಾರ ದೇವರಂತ ಕೇಳಿದ್ದೇನ ನೀ?"

ಆಣಿ ಯಾರದೆಂದು ಊರು ಮುಟ್ಟುವ ತನಕ ಇಬ್ಬರೂ ಜಗಳಾಡುತ್ತ ಬಂದರು. ಕಂಡಕ್ಟರ್, "ಮಾಸ್ತರ, ಇವು ಸುಮ್ಮ ಇದ್ದಾಗ ಚಲೋ ಇದ್ದುವಲ್ರಿ," ಅಂದ. ಮುಂಜಾನೆಯ ಆಸಾಮಿಯೇ ದೊಡವಾಡದ ಬಸ್ಸಿನಲ್ಲಿ ಮತ್ತೆ ಸಿಕ್ಕಿದ್ದ.

ಆ ಬೇಸಿಗೆಯಲ್ಲಿ ಟೆಂಪೋ ಓಡಿಸುತ್ತಿದ್ದ ಮಾಬೂಬಿಯ ಅಪ್ಪನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು, ಮನೆಮಂದಿಯೆಲ್ಲ ಹೋದರು. ಅವಳನ್ನು ನಾವು ಮತ್ತೆ ನೋಡಲಿಲ್ಲ. ಆದರೆ ಅವತ್ತು ಅದು ಯಾರಿಗೆ ಗೊತ್ತಿತ್ತು? ದೊಡವಾಡದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಮಾಬೂಬಿ ಚೀಲ ಹೆಗಲಿಗೇರಿಸಿ ತನ್ನ ಓಣಿಗೆ ಹೊರಳಿದಳು. ಶಾಂತಾ ಸಪ್ಪಳ ಮಾಡದೆ ಹಿಂದೆ ಹೋಗಿ ಅವಳ ಬೆನ್ನಿಗೆ ಕೈ ಹಚ್ಚಿ "ಖೋ!" ಅಂದಳು. ಅಷ್ಟು ದಣಿದಿದ್ದರೂ, ರೂಢಿ ನೋಡಿ, ಮಾಬೂಬಿ ಹೊರಳಿಯೂ ನೋಡದೆ ಓಣಿಯುದ್ದಕ್ಕೂ ಓಡಿಬಿಟ್ಟಳು. ಶಾಂತಾ ಅವಳು ನಿಂತಿದ್ದ ಜಾಗದಲ್ಲೇ ಧೂಳಿನಲ್ಲಿ ಕುಕ್ಕರಿಸಿದಳು.

"ಏಳ, ಮನೀಗೆ ಹೋಗೂಣು," ಅಂದೆ.

"ನೀ ಹೋಗ. ಅಕಿ ಹೊಳ್ಳಿ ಬಂದು ಖೋ ಕೊಡೂತನಕಾ ನಾ ಏಳಂಗಿಲ್ಲ."