ಎಡತೋಳಿನಲ್ಲಿ ಸಿಕ್ಕ ರಾಜಧಾನಿ

ಹೆಡ್‌ಗುಮಾಸ್ತರ ಮನೆಯಲ್ಲಿ ಉಪ್ಪು ಬೇಕೆಂದರೆ ಮೊದಲು ಜಗತ್ತಿನ ಬಗ್ಗೆ ಒಂದು ಉತ್ತರ ಕೊಡಬೇಕಿತ್ತು. ಉಪ್ಪಿನ ಡಬ್ಬಿ ಊಟದ ಮೇಜಿನ ಮೇಲೆ ಅವರ ಬಲಗೈ ಪಕ್ಕದಲ್ಲೇ ಇರುತ್ತಿದ್ದುದು ಆಕಸ್ಮಿಕವೇನಲ್ಲ. “ಕೊಡ್ತೀನಿ, ಕೊಡ್ತೀನಿ. ಅದಕ್ಕೆ ಮೊದಲು, ಸ್ವಾಜಿಲ್ಯಾಂಡಿಗೆ ಈಗೇನು ಹೆಸರು?” ಎನ್ನುವರು. ಮಗಳು ತೊಟ್ಟಿಲಿನಿಂದಲೇ ಪಳಗಿದವಳು. ಅಗಿಯುತ್ತಲೇ “ಎಸ್ವಾಟಿನಿ” ಎಂದು ಡಬ್ಬಿ ಎಳೆದುಕೊಳ್ಳುವಳು. ಅಳಿಯ ಪಾಪ, ಮದುವೆಯಾದ ನಾಲ್ಕು ವರ್ಷದಿಂದ ಮಾವನ ಮನೆಯಲ್ಲಿ ಸಪ್ಪೆಯನ್ನೇ ಉಣ್ಣುತ್ತಿದ್ದ. ಅವನ ರಕ್ತದೊತ್ತಡ ಎಂದೂ ಏರಲಿಲ್ಲವೆಂಬುದೊಂದೇ ಅದರಿಂದಾದ ಲಾಭ.

ಹೆಡ್‌ಗುಮಾಸ್ತರು ನೀರು ಸರಬರಾಜು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಡತಗಳನ್ನು ಸಾಕಿ ಸಲಹಿ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತು, ಅವರು ಕಚೇರಿಯನ್ನು ಬಿಡಲಿಲ್ಲ. ನಿವೃತ್ತಿಯ ಮಾರನೇ ದಿನವೇ ದಪ್ಪ ರಟ್ಟಿನ ರಿಜಿಸ್ಟರೊಂದನ್ನು ತಂದು, ಕೆಂಪು ಶಾಯಿಯಲ್ಲಿ ‘ಪ್ರಚಲಿತ ವಿದ್ಯಮಾನಗಳು – ಆವಕ’ ಎಂದು ಬರೆದು, ಕಚೇರಿಗೆ ಒಳಬರುವ ಪತ್ರಗಳಂತೆ ಜಗತ್ತನ್ನೇ ದಾಖಲು ಮಾಡತೊಡಗಿದರು. ಬೆಳಿಗ್ಗೆ ಪತ್ರಿಕೆ ಬಂದೊಡನೆ ಸ್ನಾನ, ಸ್ನಾನದ ನಂತರ ಕನ್ನಡಕ, ಕನ್ನಡಕದ ನಂತರ ಜಗತ್ತು. ಎಲ್ಲೋ ಒಂದು ಸರ್ಕಾರ ಬಿದ್ದರೆ ಅದಕ್ಕೊಂದು ಆವಕ ಸಂಖ್ಯೆ. ಯಾವುದೋ ದೇಶ ಹೆಸರು ಬದಲಿಸಿದರೆ ಹಳೆಯ ಹೆಸರಿನ ಮೇಲೆ ಸ್ಕೇಲಿಟ್ಟು ಗೆರೆ, ಪಕ್ಕದಲ್ಲಿ ಪುಟ್ಟ ಸಹಿ. “ಆವಕ ಆಗದ ಸುದ್ದಿ ಸುದ್ದಿನೇ ಅಲ್ಲ” ಎಂಬುದು ಅವರ ಸಿದ್ಧಾಂತ. ಟಿವಿಯಲ್ಲಿ ಭೂಕಂಪವಾದರೂ ಅವರು ಅಲುಗುತ್ತಿರಲಿಲ್ಲ. “ನಾಳೆ ಪೇಪರ್‌ನಲ್ಲಿ ಬರ್ಲಿ, ನೋಡೋಣ” ಎನ್ನುವರು.

ಬೀದಿಯ ಮಕ್ಕಳು ಅವರಿಗೆ ‘ವಿದ್ಯಮಾನ ತಾತ’ ಎಂದು ಹೆಸರಿಟ್ಟಿದ್ದವು. ಅದನ್ನವರು ಬಿರುದೆಂದೇ ತಿಳಿದಿದ್ದರು. ಅವರು ಬೀದಿಯ ಈ ತುದಿಯಲ್ಲಿ ಕಂಡರೆ ಆ ತುದಿ ಖಾಲಿಯಾಗುತ್ತಿತ್ತು. ಅದನ್ನು ಗೌರವವೆಂದು ತಿಳಿದಿದ್ದರು.

ಅವರ ಹೆಂಡತಿ ಟೈಲರಮ್ಮ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಗೋಡೆಯ ತುಂಬ ಮೊಳೆಗಳು. ಕಾಯಂ ಗಿರಾಕಿಗಳ ಅಳತೆಯನ್ನು ಆಕೆ ಹಳೆಯ ಪತ್ರಿಕೆಯಲ್ಲಿ ಕತ್ತರಿಸಿ, ಬೆನ್ನು, ಎದೆ, ತೋಳು, ಕಾಲರ್ ಎಲ್ಲವನ್ನೂ ಒಂದೇ ಗುಂಡುಸೂಜಿಗೆ ಚುಚ್ಚಿ, ಗಿರಾಕಿಯ ಹೆಸರು ಬರೆದು ಮೊಳೆಗೆ ತೂಗುಹಾಕುತ್ತಿದ್ದಳು. ಫ್ಯಾನು ತಿರುಗಿದರೆ ಬೀದಿಯ ಜನರೆಲ್ಲ ಒಟ್ಟಿಗೆ ಅಲ್ಲಾಡುತ್ತಿದ್ದರು. ಆಕೆ ಪತ್ರಿಕೆಯನ್ನು ಓದಲೆಂದು ಬಿಡಿಸಿದವಳಲ್ಲ. ಆದರೆ ವರ್ಷಕ್ಕೆ ಮುನ್ನೂರು ದಿನ ಅದೇ ತೋಳನ್ನು, ಅದೇ ಕಾಲರನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಗೆರೆ ಎಳೆಯುವಾಗ ಕಣ್ಣು ಸುಮ್ಮನಿರುತ್ತದೆಯೇ?

ಪತ್ರಿಕೆಯ ವಿಷಯದಲ್ಲಿ ಗಂಡ ಹೆಂಡಿರ ನಡುವೆ ಹಳೆಯ ಒಪ್ಪಂದವಿತ್ತು: ಮಾರನೇ ಬೆಳಿಗ್ಗೆ ಒಂಬತ್ತರವರೆಗೆ ಅದು ಗುಮಾಸ್ತರದು, ಆಮೇಲೆ ಕತ್ತರಿಯದು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ರಿಜಿಸ್ಟರಿನಲ್ಲಿ ಒಂದು ಸಾಲು ಖಾಲಿ ಉಳಿದಿತ್ತು. 2022ರ ಸೆಪ್ಟೆಂಬರ್ 18, ಭಾನುವಾರ. ಷರಾ: ‘ವಿದೇಶ ಪುಟ ಬಂದಿಲ್ಲ.’ ಇದಕ್ಕಾಗಿ ಹೆಡ್‌ಗುಮಾಸ್ತರು ಪತ್ರಿಕೆಯ ಏಜೆಂಟನಿಗೆ ಮೂರು ನೆನಪೋಲೆ ಬರೆದು, ಉತ್ತರ ಬರದೆ, ಅವನ ಜೊತೆ ಮಾತು ಬಿಟ್ಟಿದ್ದರು.

ಗಲಾಟೆ ಶುರುವಾದದ್ದು ಒಂದು ಭಾನುವಾರದ ಊಟಕ್ಕೆ. ಅಳಿಯ ಫ್ರಿಜ್ ರಿಪೇರಿ ಮಾಡುವವನು. ಎಂಥ ಕೆಟ್ಟ ಕಂಪ್ರೆಸರನ್ನೂ ಮಾತಾಡಿಸಬಲ್ಲ, ಮಾವನೆದುರು ಮಾತ್ರ ಬಾಯಿ ಮಂಜುಗಡ್ಡೆ. ಅಂದು ಅವನಿಗೆ ಬಿಕ್ಕಳಿಕೆ ಬಂತು. ನೀರಿನ ತಂಬಿಗೆಗೆ ಕೈಚಾಚಿದ. ಹೆಡ್‌ಗುಮಾಸ್ತರು ತಂಬಿಗೆಯನ್ನು ಮೆಲ್ಲನೆ ತಮ್ಮ ಕಡೆ ಸರಿಸಿಕೊಂಡರು.

“ಅಳಿಯಂದ್ರೇ, ಭದ್ರತಾ ಮಂಡಳಿಯ ಕಾಯಂ ಸದಸ್ಯರು ಎಷ್ಟು ಮಂದಿ?”

“ಹಿಕ್” ಎಂದ ಅಳಿಯ.

“ಒಂದಲ್ಲ, ಐದು.”

ಮಗಳು ಆಸ್ಪತ್ರೆಯಲ್ಲಿ ನರ್ಸು. ರೋಗಿಗೆ ನೀರು ತಪ್ಪಿಸಿದವರನ್ನು ಸುಮ್ಮನೆ ಬಿಡುವವಳಲ್ಲ. ತಟ್ಟೆ ಸರಿಸಿ ಎದ್ದಳು. “ಅಪ್ಪಾ, ಇದು ಮನೆಯೋ ಪರೀಕ್ಷಾ ಕೇಂದ್ರವೋ? ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ರೆ ನಾವು ಈ ಕಡೆ ತಲೆ ಹಾಕಿ ಮಲಗಲ್ಲ, ನೋಡ್ತಿರು!”

“ಗೊತ್ತಿಲ್ಲದವರಿಗೆ ಪ್ರಶ್ನೆ ಕಂಡ್ರೆ ಕೋಪ ಬರೋದು ಸಹಜ” ಎಂದರು ಗುಮಾಸ್ತರು.

“ಹಾಗಾದ್ರೆ ಗೊತ್ತಿರೋರು ಒಬ್ರು ಸಿಕ್ಕಿ ನಿನ್ನ ಸೋಲಿಸಿದ್ರೆ?”

ಹೆಡ್‌ಗುಮಾಸ್ತರು ನಕ್ಕರು. ಆ ನಗು ಮೂವತ್ತನಾಲ್ಕು ವರ್ಷ ಜನರಿಗೆ ‘ನಾಳೆ ಬನ್ನಿ’ ಎಂದು ಹೇಳಿ ಹದವಾದ ನಗು. “ನಾಲ್ಕು ಜನರ ಮುಂದೆ ನನ್ನ ಸೋಲಿಸ್ಲಿ. ಅವತ್ತಿಂದ ನನ್ನ ಬಾಯಲ್ಲಿ ಒಂದು ಪ್ರಶ್ನೆ ಬಂದ್ರೆ ಕೇಳು. ಯಾರಿಗೂ, ಯಾವತ್ತೂ, ಏನೂ ಕೇಳಲ್ಲ. ಬರೆದು ಕೊಡ್ಲಾ?”

“ಬರೆದು ಕೊಡು” ಎಂದಳು ಮಗಳು. ಬರೆದೂ ಕೊಟ್ಟರು. ದಿನಾಂಕ, ಸಹಿ, ಕೆಳಗೆ ಮೊಹರಿಲ್ಲದ ಕೊರತೆಗೆ ಎರಡು ಗೆರೆ.

ಬಡಾವಣೆಯ ಗ್ರಂಥಾಲಯದ ವಾರ್ಷಿಕೋತ್ಸವಕ್ಕೆ ಮೂರು ವಾರವಿತ್ತು. ಅಲ್ಲಿ ಪ್ರತಿವರ್ಷ ಸಾಮಾನ್ಯ ಜ್ಞಾನದ ಸ್ಪರ್ಧೆ. ಆರು ವರ್ಷದಿಂದ ಹೆಡ್‌ಗುಮಾಸ್ತರೇ ಗೆದ್ದು, ಮನೆಯಲ್ಲಿ ಒಂದೇ ಬಗೆಯ ಆರು ಗೋಡೆ ಗಡಿಯಾರಗಳಿದ್ದವು. ಮಗಳು ಗಂಡನನ್ನೇ ಅಖಾಡಕ್ಕೆ ಇಳಿಸಲು ನಿರ್ಧರಿಸಿದಳು. ಮೂರು ವಾರ ಆ ಬಡಪಾಯಿ ಫ್ರಿಜ್ಜಿನೊಳಗೆ ತಲೆ ತೂರಿಸಿಕೊಂಡು ರಾಜ್ಯಗಳನ್ನೂ ಕೇಂದ್ರಾಡಳಿತ ಪ್ರದೇಶಗಳನ್ನೂ ಗಟ್ಟಿ ಹೊಡೆದ. ಫ್ರಿಜ್ಜಿನ ಒಡೆಯರು ಇವನೇನೋ ಮಂತ್ರ ಹಾಕುತ್ತಿದ್ದಾನೆಂದು ದೂರ ನಿಂತರು.

ಅಂದು ಸಂಜೆ ಗ್ರಂಥಾಲಯದ ವಾಚನಾಲಯ ತುಂಬಿತ್ತು. ಹೆಡ್‌ಗುಮಾಸ್ತರು ಸೋಲುವ ಸಾಧ್ಯತೆ ಇದೆಯೆಂಬ ಗಾಳಿಮಾತೇ ಸಾಕಾಗಿತ್ತು. ಆರು ವರ್ಷದಲ್ಲಿ ಮೊದಲ ಬಾರಿಗೆ ಕುರ್ಚಿ ಸಾಲದೆ ಕಿಟಕಿಗಳಲ್ಲೂ ಜನ. ಗುಮಾಸ್ತರು ಇಸ್ತ್ರಿ ಮುರಿಯದ ಕೋಟು ತೊಟ್ಟು, ರಿಜಿಸ್ಟರನ್ನು ಎದೆಗೊತ್ತಿಕೊಂಡು ಬಂದು, ಜನರನ್ನು ನೋಡಿ ‘ಜ್ಞಾನದಾಹ ಹೆಚ್ಚಿದೆ’ ಎಂದುಕೊಂಡರು.

ವೇದಿಕೆಗೆ ಮೂವರು ಬೇಕು. ಮೂರನೆಯವರಾಗಿ ಹೆಸರು ಕೊಟ್ಟಿದ್ದ ಔಷಧಿ ಅಂಗಡಿಯವರು ಕಡೇ ಗಳಿಗೆಯಲ್ಲಿ ಜ್ವರವೆಂದು ಹೇಳಿಕಳಿಸಿದರು. ಗ್ರಂಥಪಾಲಕಿ ಸುತ್ತ ನೋಡಿದಳು. ತಾನೇ ಹೊಲಿದ ವೇದಿಕೆಯ ಪರದೆಯ ಅಂಚು ಬಿಚ್ಚಿದೆಯೆಂದು ಟೈಲರಮ್ಮ ಮೂಲೆಯಲ್ಲಿ ಕೂತು ಸೂಜಿ ಹಾಕುತ್ತಿದ್ದಳು.

“ಟೈಲರಮ್ಮ, ಒಂದೈದು ನಿಮಿಷ ಬಂದು ಕೂತ್ಕೊಳ್ಳಿ. ಲೆಕ್ಕಕ್ಕೆ ಅಷ್ಟೇ.”

“ಅಯ್ಯೋ, ನಂಗೇನು ಬರುತ್ತೆ ತಾಯಿ?”

“ಬರದಿದ್ರೆ ಇಳಿದುಬಿಡಿ. ತಪ್ಪು ಹೇಳಿದವರು ಇಳೀಬೇಕು, ಕಡೇಲಿ ಉಳಿದವರು ಗೆದ್ದ ಹಾಗೆ. ಅಷ್ಟೇ ನಿಯಮ.”

ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇಟ್ಟುಕೊಂಡು ಆಕೆ ಗಂಡನ ಪಕ್ಕ ಕುಳಿತಳು. “ಹೆದರ್ಬೇಡ್ವೇ, ಸೋಲೂ ಒಂದು ಅನುಭವ” ಎಂದು ಗುಮಾಸ್ತರು ಉದಾರವಾಗಿ ಹೇಳಿದರು.

ಮೊದಲ ಪ್ರಶ್ನೆ ಅಳಿಯನಿಗೆ. “ಭಾರತದಲ್ಲಿ ಈಗ ಎಷ್ಟು ರಾಜ್ಯಗಳಿವೆ?” ಅಳಿಯನ ಮುಖ ಅರಳಿತು. ಇದು ಬರುತ್ತಿತ್ತು. ಇಪ್ಪತ್ತೆಂಟಿತ್ತು, ಇಪ್ಪತ್ತೊಂಬತ್ತಾಯಿತು, ಮತ್ತೆ ಇಪ್ಪತ್ತೆಂಟಾಯಿತು, ಅಷ್ಟರಲ್ಲಿ ಮಾವ ಕತ್ತು ತಿರುಗಿಸಿ ಅವನನ್ನೇ ನೋಡಿದರು. ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಇಪ್ಪತ್ತೆಂಟೋ...

“ಇಪ್ಪತ್ತೆಂಟೂವರೆ” ಎಂದ ಅಳಿಯ.

ಕಿಟಕಿಯಲ್ಲಿದ್ದ ಒಬ್ಬರು ನಗು ತಡೆಯಲಾರದೆ ಹೊರಗೆ ಬಿದ್ದರು. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮೂರು ವಾರದ ತಪಸ್ಸು ಮೂರು ಸೆಕೆಂಡಿನಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

ಆ ಪ್ರಶ್ನೆಯ ಉಳಿದರ್ಧ ತಮಗೇ ಬಂದಿತೆಂಬಂತೆ ಗುಮಾಸ್ತರು ಎದ್ದರು. “ರಾಜ್ಯ ಇಪ್ಪತ್ತೆಂಟು, ಕೇಂದ್ರಾಡಳಿತ ಪ್ರದೇಶ ಎಂಟು. ನಡುವೆ ಕೆಲವು ತಿಂಗಳು ಒಂಬತ್ತಿತ್ತು, ಆಮೇಲೆ ಎರಡನ್ನು ಒಂದು ಮಾಡಿದ್ರು. ಆವಕ ಸಂಖ್ಯೆ...”

“ಸಾರ್, ಉತ್ತರ ಸಾಕು” ಎಂದಳು ಗ್ರಂಥಪಾಲಕಿ. “ಟೈಲರಮ್ಮ, ಚಂದ್ರನ ದಕ್ಷಿಣ ಧ್ರುವದ ಹತ್ತಿರ ಮೊದಲು ನೌಕೆ ಇಳಿಸಿದ ದೇಶ ಯಾವುದು?”

ಟೈಲರಮ್ಮ ಕಣ್ಣು ಮುಚ್ಚಿದಳು. ಗಾಳಿಯಲ್ಲಿ ಅವಳ ಬೆರಳು ಏನನ್ನೋ ಸವರಿತು. “ಇದು ಶಾಲೆ ಹೆಡ್‌ಮೇಡಂ ಬೆನ್ನಲ್ಲಿದೆ. ಭಾರತ.”

ಸಭೆಯೆಲ್ಲ ತಿರುಗಿ ಹೆಡ್‌ಮೇಡಂ ಬೆನ್ನು ನೋಡಿತು. ಹೆಡ್‌ಮೇಡಂ ತಾವೂ ನೋಡಿಕೊಳ್ಳಲು ಯತ್ನಿಸಿದರು.

“ಅಲ್ಲ ಮೇಡಂ, ನಿಮ್ಮ ಪೇಪರ್ ಕಟಿಂಗಲ್ಲಿ” ಎಂದು ಟೈಲರಮ್ಮ ಸಮಾಧಾನ ಹೇಳಿದಳು. “ಇಷ್ಟಗಲ ಚಂದ್ರ ಬಂದಿದೆ. ಸಣ್ಣಗಾಗಬೇಡಿ, ಚಂದ್ರ ಕತ್ತರಿಸಿಹೋಗ್ತಾನೆ.”

ಚಪ್ಪಾಳೆ ಬಿತ್ತು. ಗುಮಾಸ್ತರಿಗೆ ನೇಟೋ ಸಂಘಟನೆಯ ಮೂವತ್ತೆರಡನೇ ಸದಸ್ಯ ರಾಷ್ಟ್ರ ಬಂತು. “ಸ್ವೀಡನ್!” ಎಂದು ಮೇಜು ಬಡಿದು ಕೂತರು. ಟೈಲರಮ್ಮನಿಗೆ 2023ರಲ್ಲಿ ಜಿ-20 ಕೂಟಕ್ಕೆ ಹೊಸದಾಗಿ ಸೇರಿದವರು ಯಾರೆಂದು ಬಂತು. “ಔಷಧಿ ಅಂಗಡಿಯವರ ಕಾಲರು. ಆಫ್ರಿಕನ್ ಯೂನಿಯನ್. ಕಾಲರ್ ಚಿಕ್ಕದು, ಅಷ್ಟೇ ಹಿಡಿಸಿದ್ದು.” ಔಷಧಿ ಅಂಗಡಿಯವರು ಬಾರದಿದ್ದರೂ ಅವರ ಕಾಲರು ಬಂದು ಉತ್ತರ ಹೇಳಿತೆಂದು ಯಾರೋ ಕೂಗಿದರು. ಈಗ ಜನರೆಲ್ಲ ತಂತಮ್ಮ ಮೈಯಲ್ಲಿ ಯಾವ ದೇಶವಿದೆಯೋ ಎಂದು ಯೋಚಿಸತೊಡಗಿದ್ದರು. ಮಗಳು ಮುಖದಿಂದ ಕೈ ತೆಗೆದಿದ್ದಳು.

ಹೆಡ್‌ಗುಮಾಸ್ತರಿಗೆ ಕೋಟಿನ ಕಂಕುಳು ಬಿಗಿಯಾದಂತೆನಿಸಿತು. ಅಡುಗೆಮನೆಯಲ್ಲಿ ‘ಉಪ್ಪು ನೀವೇ ಇಟ್ಕೊಳ್ರೀ’ ಎಂದು ಸುಮ್ಮನಿರುತ್ತಿದ್ದ ಹೆಣ್ಣು ಇವಳೇ ಹೌದೇ?

“ಸಾರ್, ನಿಮಗೆ. ಕಜಕಸ್ತಾನದ ರಾಜಧಾನಿ ಯಾವುದು?”

ಗುಮಾಸ್ತರ ಎದೆಯಿಂದ ಭಾರ ಇಳಿಯಿತು. ಇದು ಅವರ ಮೆಚ್ಚಿನ ಪ್ರಶ್ನೆ. ಎಷ್ಟು ಜನರ ಉಪ್ಪನ್ನು ಇದರ ಮೇಲೆ ತಡೆಹಿಡಿದಿದ್ದರೋ! ಸಭೆಯ ಕಡೆ ತಿರುಗಿ, ಮಗ್ಗಿ ಹೇಳಿಕೊಡುವ ಮೇಷ್ಟರಂತೆ ಬೆರಳೆತ್ತಿದರು. “ಎಲ್ಲರೂ ಅಸ್ತಾನಾ ಅಂತಾರೆ. ತಪ್ಪು! 2019ರ ಮಾರ್ಚಿನಲ್ಲಿ ಹೆಸರು ಬದಲಾಯ್ತು. ನೂರ್‌ಸುಲ್ತಾನ್.”

ಗ್ರಂಥಪಾಲಕಿ ತನ್ನ ಚೀಟಿ ನೋಡಿ, ಗುಮಾಸ್ತರನ್ನು ನೋಡಿ, ಮತ್ತೆ ಚೀಟಿ ನೋಡಿದಳು. “ಟೈಲರಮ್ಮ?”

ಟೈಲರಮ್ಮ ತಲೆ ತಗ್ಗಿಸಿದಳು. ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. “ರೀ, ಬೇಜಾರು ಮಾಡ್ಕೋಬೇಡಿ” ಎಂದಳು. “ಅಸ್ತಾನಾ. ಇವ್ರು ಹೇಳಿದ ಹಾಗೆ ಬದಲಾಯಿಸಿದ್ದು ನಿಜ. ಆಮೇಲೆ ಮನಸ್ಸು ತಡೀದೆ ಮತ್ತೆ ಹಳೇ ಹೆಸರೇ ಇಟ್ರು. ಅಂಚೆ ಕಚೇರಿ ಪೋಸ್ಟಮ್ಮನ ಎಡತೋಳು.”

“ಸಾಧ್ಯವಿಲ್ಲ!” ಗುಮಾಸ್ತರು ರಿಜಿಸ್ಟರನ್ನು ಮೇಜಿಗೆ ಬಡಿದರು. “ಆವಕ ಆಗಿಲ್ಲ! ಮೂಲ ದಾಖಲೆ ಹಾಜರುಪಡಿಸಿ!”

ಮಗಳು ಆಗಲೇ ಬಾಗಿಲು ದಾಟಿದ್ದಳು. ಎರಡು ಬೀದಿ ಆಚೆಯ ಮನೆಗೆ ಓಡಿ, ಮೊಳೆಯಿಂದ ಪೋಸ್ಟಮ್ಮನನ್ನು ಕಿತ್ತುಕೊಂಡು, ಏಳು ನಿಮಿಷದಲ್ಲಿ ಏದುಸಿರು ಬಿಡುತ್ತ ಬಂದಳು. ಗುಮಾಸ್ತರು ಹಳದಿಗಟ್ಟಿದ ಕಾಗದದ ತೋಳನ್ನು ಎರಡು ಕೈಯಲ್ಲಿ ಹಿಡಿದರು. ಮುಂಗೈ ಕಡೆ ಅರ್ಧ ಸೋಪಿನ ಜಾಹೀರಾತು. ಭುಜದ ತಿರುವಿನಲ್ಲಿ, ಕತ್ತರಿಗೆ ಕೂದಲೆಳೆಯಲ್ಲಿ ತಪ್ಪಿಸಿಕೊಂಡ ನಾಲ್ಕು ಸಾಲಿನ ಸುದ್ದಿ: ರಾಜಧಾನಿಗೆ ಮತ್ತೆ ಅಸ್ತಾನಾ ಹೆಸರು. ಕಂಕುಳಿನ ಹತ್ತಿರ ದಿನಾಂಕ: ಸೆಪ್ಟೆಂಬರ್ 18, 2022.

ಅವರ ಬೆರಳು ತಾನಾಗಿ ರಿಜಿಸ್ಟರನ್ನು ಮಗುಚಿತು. ಖಾಲಿ ಸಾಲು. ‘ವಿದೇಶ ಪುಟ ಬಂದಿಲ್ಲ.’

“ಅವತ್ತು ನೀವು ಸ್ನಾನಕ್ಕೆ ಹೋಗಿದ್ರಿ” ಎಂದಳು ಟೈಲರಮ್ಮ, ಪಿಸುಮಾತಿನಲ್ಲಿ. ಆದರೆ ಮೈಕು ಅವಳ ಮುಂದೇ ಇತ್ತು. “ಪೋಸ್ಟಮ್ಮಂಗೆ ಅಂಚೆ ಹಂಚೋದು ಬಿಟ್ಟು ಕೌಂಟರಿಗೆ ಬಡ್ತಿ. ಸೋಮವಾರಕ್ಕೆ ಹೊಸ ಅಂಗಿ ಆಗ್ಲೇಬೇಕು ಅಂತ ಭಾನುವಾರ ಬೆಳಿಗ್ಗೇನೇ ಬಂದು ಕೂತ್ರು. ಹಳೇ ಪೇಪರ್ ಮುಗಿದಿತ್ತು. ಒಂದೇ ಒಂದು ಹಾಳೆ ಅಂತ ಎಳ್ಕೊಂಡೆ. ಆಮೇಲೆ ನೀವು ಏಜೆಂಟ್ ಮೇಲೆ ಕೂಗಾಡಿದ್ದು ನೋಡಿ ಹೇಳೋ ಧೈರ್ಯ ಆಗ್ಲಿಲ್ಲ.”

ಮುಂದಿನ ಸಾಲಿನಲ್ಲಿ ಪೋಸ್ಟಮ್ಮ ತನ್ನ ಎಡತೋಳನ್ನು ಮೆಲ್ಲನೆ ಸೆರಗಿನೊಳಗೆ ಅಡಗಿಸಿಕೊಂಡಳು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ; ಇಲ್ಲಿ ಬುಡದಲ್ಲೇ ಬೆಳಕಿದ್ದು ದೀಪಕ್ಕೆ ಗೊತ್ತಿರಲಿಲ್ಲ. ವಾಚನಾಲಯ ಸಿಡಿಯಿತು. ‘ನಿಶ್ಶಬ್ದ’ ಎಂಬ ಬೋರ್ಡಿನ ಕೆಳಗೇ ನಿಂತು ಗ್ರಂಥಪಾಲಕಿ ಸಿಳ್ಳೆ ಹೊಡೆದಳು. ಏಳನೆಯ ಗೋಡೆ ಗಡಿಯಾರವೂ ಅದೇ ಮನೆಗೆ ಹೋಯಿತು.

ಹೆಡ್‌ಗುಮಾಸ್ತರು ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಖಾಲಿ ಸಾಲು ತುಂಬಿದ್ದು: ‘ಪುಟ ದೊರೆತಿದೆ. ತೋಳು, ಎಡ. ಮೂಲ ಪ್ರತಿ ಮೊಳೆಯಲ್ಲಿದೆ.’ ಎರಡನೆಯದು, ಏಜೆಂಟನಿಗೆ ಕ್ಷಮಾಪಣೆಯ ಪತ್ರ. ಮೂರನೆಯದು, ಬಾಯಿ ಮುಚ್ಚಿದ್ದು. ಬರೆದುಕೊಟ್ಟವರು, ಬರೆದದ್ದನ್ನು ಮೀರುವ ಜಾಯಮಾನದವರಲ್ಲ. ಪ್ರಶ್ನೆಯೆಂದರೆ ಪ್ರಶ್ನೆ. ‘ಊಟಕ್ಕೇನು?’ ಎಂದು ಕೇಳುವಂತಿಲ್ಲ. ‘ಊಟಕ್ಕೆ ಏನೋ ಇರುತ್ತದೆಂದು ನಂಬಿದ್ದೇನೆ’ ಎನ್ನುತ್ತಿದ್ದರು. ಬೀದಿಯಲ್ಲಿ ಜನ ಅವರನ್ನು ಕಂಡರೆ ಓಡುವುದು ಬಿಟ್ಟರು. ಎದುರು ನಿಂತು ಯೋಗಕ್ಷೇಮ ವಿಚಾರಿಸಿದರು. ತಿರುಗಿ ‘ನೀವು ಹೇಗಿದ್ದೀರಿ?’ ಎನ್ನಲಾಗದೆ ಗುಮಾಸ್ತರು ತುಟಿ ಕಚ್ಚಿ ಒದ್ದಾಡಿದರು. ಮೂರು ದಿನ ಮನೆಯಲ್ಲಿ ಏಳು ಗಡಿಯಾರಗಳ ಸದ್ದು ಮಾತ್ರ.

ಭಾನುವಾರ ಊಟಕ್ಕೆ ಮಗಳು ಅಳಿಯ ಬಂದರು. ಉಪ್ಪಿನ ಡಬ್ಬಿ ಮೇಜಿನ ನಡುಮಧ್ಯ, ಎಲ್ಲರಿಗೂ ಸಮನಾಗಿ ಇತ್ತು. ಅಳಿಯ ಮೊದಲ ಬಾರಿ ಧಾರಾಳವಾಗಿ ಉಪ್ಪು ಹಾಕಿಕೊಂಡು, ಮೊದಲ ತುತ್ತಿಗೇ ಕೆಮ್ಮಿದ. ಆಗ ಹೆಡ್‌ಗುಮಾಸ್ತರು ಸೂರು ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಅಂದರು:

“ಇಪ್ಪತ್ತೆಂಟು.”

ಎಲ್ಲರೂ ಅವರತ್ತ ತಿರುಗಿದರು. ಗುಮಾಸ್ತರು ಮತ್ತೆ ಸ್ಪಷ್ಟವಾಗಿ, “ಇಪ್ಪತ್ತೆಂಟು. ವರೆ ಇಲ್ಲ” ಎಂದರು.

ಅಳಿಯನ ಕಿವಿ ಕೆಂಪಾಯಿತು. ಆಮೇಲೆ ಅವನೊಳಗೆ ಏನೋ ಕರಗಿತು. “ಭಾರತದಲ್ಲಿ ರಾಜ್ಯಗಳು ಎಷ್ಟು... ಅಲ್ವಾ ಮಾವ?”

“ಸರಿಯುತ್ತರ! ಅಂದ್ರೆ, ಸರಿ ಪ್ರಶ್ನೆ!” ಗುಮಾಸ್ತರು ಮೇಜು ಗುದ್ದಿದರು. “ಮೂವತ್ತೆರಡು!”

“ನೇಟೋದಲ್ಲಿ ಎಷ್ಟು ದೇಶ?” ಅಳಿಯ ಕುರ್ಚಿಯಿಂದ ಅರ್ಧ ಎದ್ದಿದ್ದ. ಕೇಳುವುದು ಇಷ್ಟು ಸುಖವೆಂದು ಅವನಿಗೆ ನಾಲ್ಕು ವರ್ಷ ಯಾರೂ ಹೇಳಿರಲಿಲ್ಲ.

“ಅಪ್ಪಾ! ಇದು ಮೋಸ!” ಮಗಳು ಬರೆದುಕೊಟ್ಟ ಚೀಟಿ ಹುಡುಕಿ ತಂದಳು. ಎರಡು ಸಲ ಓದಿದಳು. ಪ್ರಶ್ನೆ ಕೇಳುವುದಿಲ್ಲವೆಂದಿತ್ತು, ಉತ್ತರ ಹೇಳುವುದಿಲ್ಲವೆಂದು ಎಲ್ಲೂ ಇರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಗುಮಾಸ್ತರು ವಿಜಯದಿಂದ ಕೈ ತೊಳೆದು ರಿಜಿಸ್ಟರ್ ಬಿಡಿಸಿದರು. ಜೇಬು ತಡವಿದರು, ಮೇಜಿನ ಕೆಳಗೆ ಬಗ್ಗಿದರು, ಮೂರು ಗಡಿಯಾರಗಳ ಹಿಂದೆ ನೋಡಿದರು. ಎಲ್ಲಿದೆ ಎಂದು ಕೇಳುವಂತಿಲ್ಲ. ಕೊನೆಗೆ ಗಂಭೀರವಾಗಿ ಘೋಷಿಸಿದರು:

“ಕನ್ನಡಕ.”

ಟೈಲರಮ್ಮ ಪೋಸ್ಟಮ್ಮನ ಎಡತೋಳನ್ನು ಮೊಳೆಗೆ ಸಿಕ್ಕಿಸುತ್ತ ತಿರುಗಿಯೂ ನೋಡಲಿಲ್ಲ.

“ಪ್ರಶ್ನೆ: ನಮ್ಮ ಯಜಮಾನ್ರ ಹಣೆ ಮೇಲೆ ಈಗ ಏನಿದೆ?”